ರೈತ ಅಂದರೆ ಯಾರು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಬೆಳಗಾವಿ ಸದಾಶಿವನಗರದಿಂದ ಬಂದ ಅತಿಥಿಗಳು ಮಾಡಿದ ಭಾಷಣ. ಮಾತಿನ ಧಾಟಿ ಕೆಡದಂತೆ ಬರಹಕ್ಕೆ ಇಳಿಸಲಾಗಿದೆ.)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದಕ್ಕಾಗಿ ಮೊದಲು ನಿಮಗೆಲ್ಲ ನನ್ನ ಹಾರ್ದಿಕ ಅಭಿನಂದನೆಗಳು. ನನಗೆ ‘ಸಹಕಾರ ಚಳವಳಿ’ ಎಂಬ ವಿಷಯ ಕೊಟ್ಟಿದ್ದರು. ಆದರೆ ಸಹಕಾರ ಮಾಡಿ ತೋರಿಸಿದವರು ನೀವು. ಊರ ಮಂದಿಗೆ ಊರ ದಾರಿ ತೋರಿಸಿದಂಗ ಆಗತೈತಿ. ಅಂಕಿ-ಸಂಖ್ಯೆ ಎಲ್ಲ ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಅದಕ್ಕೆ ನಾನು ಒಂದೇ ಒಂದು ಶಬ್ದ ಹಿಡಿದುಕೊಂಡು ಬಂದಿದ್ದೇನೆ. ಆ ಶಬ್ದ ‘ರೈತ’.

ನೀವು ನಗತೀರಿ, ಗೊತ್ತು. ರೈತ ಅಂದರೆ ಯಾರು ಅಂತ ನಮಗ ಹೇಳಾಕ ಬೆಳಗಾವಿಯಿಂದ ಬರಬೇಕಾ ಅಂತೀರಿ. ಆದರ ಒಂದು ಪ್ರಶ್ನೆ ಕೇಳತೀನಿ. ಈ ಸಭೆಯಲ್ಲಿ ಕನ್ನಡ ಮಾತಾಡುವವರೂ ಇದ್ದೀರಿ, ಮರಾಠಿ ಮಾತಾಡುವವರೂ ಇದ್ದೀರಿ. ಖಾನಾಪುರ ತಾಲೂಕಿನಲ್ಲಿ ಒಂದೇ ಮನೆಯಲ್ಲಿ ಎರಡೂ ನಡೆಯುತ್ತವೆ. ಹೊಲ ಮಾಡುವವನಿಗೆ ಮರಾಠಿಯಲ್ಲಿ ಏನಂತೀರಿ? ಶೇತಕರಿ. ಹಾಗಾದರೆ ಮರಾಠಿಯಲ್ಲಿ ‘ರಯತ’ ಅಂದರೆ ಯಾರು? ರಾಜನ ಕೈಕೆಳಗಿನ ಎಲ್ಲಾ ಜನ. ನೇಕಾರ, ಕುಂಬಾರ, ಬಡಿಗ, ಅಂಗಡಿಯವ, ಹೊಲದವ, ಎಲ್ಲರೂ ರಯತ. ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ‘ರಯತ ಶಿಕ್ಷಣ ಸಂಸ್ಥೆ’ ಕಟ್ಟಿದರಲ್ಲ, ಅದು ಬರೀ ಒಕ್ಕಲಿಗರ ಮಕ್ಕಳಿಗೆ ಇದ್ದ ಶಾಲೆಯಲ್ಲ. ಎಲ್ಲ ಜಾತಿಯ, ಎಲ್ಲ ಕಸುಬಿನ ಬಡವರ ಮಕ್ಕಳು ಅಲ್ಲಿ ಕೂಡಿ ಉಂಡು ಕೂಡಿ ಕಲಿತರು. ಅಲ್ಲಿ ರಯತ ಅಂದರೆ ಜನಸಾಮಾನ್ಯ. ನಾವು ಕನ್ನಡದವರು ಅದೇ ಶಬ್ದವನ್ನು ‘ರೈತ’ ಮಾಡಿಕೊಂಡು ಹೊಲಕ್ಕಷ್ಟೇ ಕಟ್ಟಿ ಹಾಕಿದೆವು. ಒಂದೇ ಊರು, ಒಂದೇ ಶಬ್ದ, ಎರಡು ಅರ್ಥ. ಇದು ಹೆಂಗಾತು?

ಇದರ ಬೇರು ಹುಡುಕಿಕೊಂಡು ಹೋದರೆ ಅರಬಸ್ತಾನದ ಕುರಿಹಟ್ಟಿಗೆ ಹೋಗಿ ಮುಟ್ಟುತ್ತೇವೆ. ಅರಬ್ಬಿ ಭಾಷೆಯಲ್ಲಿ ‘ರಾಈ’ ಅಂದರೆ ಕುರಿ ಕಾಯುವವನು. ಅವನು ಕಾಯುವ ಹಿಂಡಿಗೆ ‘ರಈಯ್ಯತ್’ ಎಂದು ಹೆಸರು. ಮೊದಲ ಅರ್ಥ ಇದು. ರಾಜ ಕುರುಬ, ಜನ ಕುರಿಹಿಂಡು. ಅರಬ್ಬಿಯಿಂದ ಪಾರಸಿಗೆ ಬಂತು, ಪಾರಸಿಯಿಂದ ಸುಲ್ತಾನರ ಕಚೇರಿಗೆ, ಕಚೇರಿಯಿಂದ ನಮ್ಮೂರ ಕುಲಕರ್ಣಿಯ ಕಡತಕ್ಕೆ. ಬೆಳಗಾವಿ ಕೋಟೆ 1470ರ ದಶಕದಲ್ಲಿ ಬಹಮನಿಯ ಮಹಮೂದ ಗವಾನನ ಕೈಗೆ ಹೋಯಿತು, ಆಮೇಲೆ ವಿಜಾಪುರದ ಆದಿಲಶಾಹಿಗೆ. ಕಂದಾಯ ಎತ್ತುವವರ ಭಾಷೆ ಪಾರಸಿ ಆದ ಮೇಲೆ ಕಂದಾಯ ಕೊಡುವವರ ಬಾಯಲ್ಲೂ ಅದೇ ಶಬ್ದಗಳು ಹೊಕ್ಕವು.

ಕುರಿಹಿಂಡು ಅಂದದ್ದಕ್ಕ ಯಾರೂ ಸಿಟ್ಟಾಗಬ್ಯಾಡ್ರಿ. ಕುರಿ ಕಾಯುವವರನ್ನ ನೀವು ನೋಡೀರಿ. ಹೊಲದಾಗ ಕುರಿ ನಿಲ್ಲಿಸ್ತಾರ, ರಾತ್ರಿ ತೋಳ ಬರದಂಗ ಕಾಯತಾರ, ಸಂಜಿಮುಂದ ಒಂದೊಂದಾಗಿ ಎಣಿಸ್ತಾರ, ಕುಂಟುವ ಮರಿಯನ್ನು ಹೆಗಲ ಮ್ಯಾಲೆ ಹೊತಗೊಂಡು ನಡೀತಾರ. ಆ ಅಕ್ಕರೆ ಸುಳ್ಳಲ್ಲ. ಆದರೆ ಉಣ್ಣೆ ಕತ್ತರಿಸುವ ದಿನ ಕುರಿಯನ್ನು ಕೇಳಿ ಕತ್ತರಿಸುವುದಿಲ್ಲ. ‘ರಯತ’ ಎಂಬ ಶಬ್ದದಲ್ಲಿ ಈ ಎರಡೂ ಅರ್ಥ ಅವ. ಕಾಯುವುದೂ ಐತಿ, ಕತ್ತರಿಸುವುದೂ ಐತಿ.

ಅದು ಮೊದಲು ಎಲ್ಲ ಜನರಿಗೆ ಅನ್ವಯಿಸುತ್ತಿತ್ತು. ತುರ್ಕರ ಸಾಮ್ರಾಜ್ಯದಲ್ಲಿಯೂ ಇದೇ ಶಬ್ದಕ್ಕೆ ತೆರಿಗೆ ಕೊಡುವ ಜನ ಎಂಬ ಅರ್ಥವಿತ್ತು. ನಮ್ಮಲ್ಲಿ ತೆರಿಗೆ ಅಂದರೆ ಮುಖ್ಯವಾಗಿ ಹೊಲದ ತೆರಿಗೆ. ಕೊಡುವವನು ಉಳುವವನು. ಹೀಗಾಗಿ ‘ಕೊಡುವ ಜನ’ ಎಂಬ ಶಬ್ದ ನಿಧಾನಕ್ಕೆ ‘ಉಳುವ ಜನ’ ಎಂದಾಯಿತು. ಕಂಪನಿ ಸರಕಾರ ಬಂದ ಮೇಲೆ ಅದು ಕಾಗದದ ಮೇಲೆ ಗಟ್ಟಿಯಾಯಿತು. 1818ರಲ್ಲಿ ಬೆಳಗಾವಿ ಕೋಟೆಯನ್ನು ಗೆದ್ದ ಥಾಮಸ್ ಮನ್ರೋ ಸಾಹೇಬನೇ ಮದ್ರಾಸ ಪ್ರಾಂತದಲ್ಲಿ ‘ರಯತವಾರಿ’ ಪದ್ಧತಿಯನ್ನು ಎತ್ತಿ ಹಿಡಿದವನು. ನಡುವೆ ಜಮೀನದಾರ ಬೇಡ, ಸರಕಾರ ನೇರವಾಗಿ ಒಬ್ಬೊಬ್ಬ ರಯತನ ಹೆಸರು ಬರೆದುಕೊಂಡು ಅವನಿಂದಲೇ ಕಂದಾಯ ತೆಗೆದುಕೊಳ್ಳಬೇಕು ಎನ್ನುವುದು ಅದರ ತಿರುಳು. ನಾವು ಮುಂಬಯಿ ಪ್ರಾಂತದವರು. ನಮ್ಮ ಕಡೆಯ ಸರ್ವೆ ಕೆಲಸ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ಆರಂಭಿಸಿದ ಪದ್ಧತಿಯಂತೆ ನಡೆಯಿತು. ಹೊಲಕ್ಕೆ ನಂಬರು ಬಿತ್ತು, ನಂಬರಿನ ಮುಂದೆ ಹೆಸರು ಬಿತ್ತು. ಇವತ್ತು ನಾವು ಸೊಸಾಯಿಟಿಗೆ ತಂದುಕೊಡುವ ಉತಾರದ ಅಜ್ಜ-ಮುತ್ತಜ್ಜ ಅದು.

ಹೆಸರು ಬಿತ್ತು ಅಂದರೆ ಮಾನ ಬಂತು ಅಂತ ತಿಳಿಯಬೇಡಿ. ಮಳೆ ಬರಲಿ ಬಿಡಲಿ, ರೊಕ್ಕದ ರೂಪದಲ್ಲಿ ಕಂದಾಯ ಕಟ್ಟಬೇಕು. ರೊಕ್ಕ ಎಲ್ಲಿಂದ ತರಬೇಕು? ಸಾವಕಾರನ ಕಡೆಯಿಂದ. ಹೆಸರಿನ ಮೇಲೆ ಹೊಲ ಇದ್ದದ್ದಕ್ಕೇ ಹೊಲ ಅಡವಿಡಲು ಬಂತು, ಅಡವಿಟ್ಟದ್ದಕ್ಕೇ ಹೋಯಿತು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಯ ರಯತರು ಎದ್ದು ಸಾವಕಾರರ ಮನೆಗೆ ನುಗ್ಗಿದರು. ಅವರ ಮುಖ್ಯ ಗುರಿ ಸಾಲಪತ್ರಗಳು. ಹುಡುಕಿ ಹುಡುಕಿ ಕಾಗದ ಸುಟ್ಟರು. ಕಾಗದ ಸುಡುವ ವಿದ್ಯೆ ನಮ್ಮ ತಾಲೂಕಿಗೂ ಹೊಸದಲ್ಲ ನೋಡ್ರಿ. ಅದಕ್ಕೂ ಮುಂಚೆ ಸಂಗೊಳ್ಳಿ ರಾಯಣ್ಣ ಇಲ್ಲೇ ಬೀಡಿಯ ಕಚೇರಿಗೆ ಬೆಂಕಿ ಇಟ್ಟಿದ್ದ. ಅವನು ಶೇತಸನದಿ, ಅಂದರೆ ಚಾಕರಿಗೆ ಬದಲಾಗಿ ಹೊಲ ಪಡೆದ ಮನೆತನದವನು. ಆ ಹೊಲಕ್ಕೇ ಕಂಪನಿ ಕೈ ಹಾಕಿತ್ತು. 1831ರ ಜನೇವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. (ರಾಯಣ್ಣನ ‘ರಾಯ’ಕ್ಕೂ ‘ರಯತ’ಕ್ಕೂ ಸಂಬಂಧ ಇಲ್ಲ, ಹುಡುಗರು ಗೊಂದಲ ಮಾಡಿಕೊಳ್ಳಬಾರದು. ರಾಯ ಅಂದರೆ ರಾಜ.)

1875ರ ಆ ದಂಗೆ, ಆಮೇಲೆ 1876ರಿಂದ 78ರ ದೊಡ್ಡ ಬರ, ಇವೆಲ್ಲ ಕಂಡ ಮೇಲೆ ಸರಕಾರಕ್ಕೆ ಸಾವಕಾರನ ಹೊರತು ಬೇರೆ ದಾರಿ ಹುಡುಕಲೇಬೇಕಾಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ದೇಶದ ಮೊಟ್ಟಮೊದಲ ಇಂಥ ಸಂಘಗಳಲ್ಲಿ ಅದೂ ಒಂದು. ಇಲ್ಲಿಂದ ಒಂದು ದಿನದ ಹಾದಿಯೊಳಗಿನ ಊರು. ಇವತ್ತು ನಾವು ಕೂತಿರುವ ಈ ಪೆಂಡಾಲಿನ ಮೊದಲ ಗೂಟ ಅಲ್ಲಿ ಹೂತದ್ದು.

ಸಂಘದ ಪಾಸ್‌ಬುಕ್ಕು ತೆಗೆದು ನೋಡಿ, ರಯತನ ಜೊತೆ ಬಂದ ಪರಿವಾರವೆಲ್ಲ ಅಲ್ಲೇ ಕೂತಿದೆ. ‘ಅಸಲು’ ಅಂದರೆ ಅರಬ್ಬಿಯಲ್ಲಿ ಬೇರು. ‘ಬಾಕಿ’ ಅಂದರೆ ಉಳಿದದ್ದು. ‘ಜಾಮೀನು’ ಎಂಬುದರ ಮೂಲದಲ್ಲಿ ಹೊಣೆ ಹೊತ್ತ ಮನುಷ್ಯ ನಿಂತಿದ್ದಾನೆ. ‘ಹಂಗಾಮು’ ಪಾರಸಿಯ ಹೊತ್ತು, ಕಾಲ. ‘ರಸೀದಿ’ ಎಂದರೆ ಪಾರಸಿಯಲ್ಲಿ ‘ಬಂದು ಮುಟ್ಟಿತು’ ಎಂದಷ್ಟೇ ಅರ್ಥ. ನನಗೆ ಬಹಳ ಸೇರಿದ್ದು ‘ವಸೂಲಿ’. ವಸೂಲಿ ಅಂದಕೂಡಲೇ ನಮ್ಮ ಎದೆ ಝಲ್ ಅಂತದ, ಮನಿ ಮುಂದ ಜೀಪು ನಿಂತಂಗ ಆಗತದ. ಮೂಲದಲ್ಲಿ ಅದು ಬಹಳ ಸಾಧು ಶಬ್ದ. ಸೇರುವುದು, ಮುಟ್ಟುವುದು ಅಂತ ಅರ್ಥ. ಮುಟ್ಟಬೇಕಾದಲ್ಲಿಗೆ ಮುಟ್ಟಿದರೆ ವಸೂಲಿ ಆಯಿತು. ಇನ್ನು ‘ಬಡ್ಡಿ’ ಮಾತ್ರ ಸಂಸ್ಕೃತದ ‘ವೃದ್ಧಿ’, ಬೆಳೆಯುವುದು. ಹೊಲದಾಗ ಪೀಕು ಬೆಳೀಲಿ ಬಿಡಲಿ, ಅದೊಂದು ಬೆಳೀತೈತಿ!

ಹಾಗಾದರೆ ನಮ್ಮದೇ ಶಬ್ದ ಇರಲಿಲ್ಲವೇ? ಇತ್ತು, ಈಗಲೂ ಇದೆ. ನಮ್ಮ ಕಡೆ ಹಿರಿಯರು ಬೇಸಾಯಕ್ಕೆ ಈಗಲೂ ‘ಒಕ್ಕಲುತನ’ ಎನ್ನುತ್ತಾರೆ. ಒಕ್ಕಲು ಅಂದರೆ ನೆಲೆಸುವುದು, ಮನೆ ಮಾಡಿಕೊಂಡು ಇರುವುದು. ಹೊಸ ಮನೆಗೆ ಹೋಗುವುದನ್ನು ಕೆಲವು ಕಡೆ ‘ಮನೆ ಒಕ್ಕಲು’ ಎನ್ನುತ್ತಾರೆ. ಹೊಲದಿಂದ ಹೊರಗೆ ಹಾಕುವುದಕ್ಕೆ ‘ಒಕ್ಕಲೆಬ್ಬಿಸು’ ಎನ್ನುತ್ತೇವೆ. ಒಕ್ಕಲು ಇದ್ದವನನ್ನು ಮಾತ್ರ ಎಬ್ಬಿಸಲು ಬರುತ್ತದೆ. ರಯತ ಎಂಬ ಶಬ್ದ ಯಾರು ಕಾಯುತ್ತಾರೆ ಎಂದು ಕೇಳುತ್ತದೆ. ಒಕ್ಕಲು ಎಂಬ ಶಬ್ದ ನೀನು ಎಲ್ಲಿ ನೆಲೆಸಿದ್ದೀ ಎಂದು ಕೇಳುತ್ತದೆ. ಆದರೆ ಅದರೊಳಗೂ ಒಂದು ಮುಳ್ಳು ಇದೆ. ಇನ್ನೊಬ್ಬರ ನೆಲದ ಮೇಲೆ ನೆಲೆಸಿದವನಿಗೂ ಒಕ್ಕಲು ಎಂದೇ ಹೆಸರು. ‘ನಮ್ಮ ಒಕ್ಕಲು’ ಅಂತ ವಾಡೇದವರು ಹೇಳುತ್ತಿದ್ದ ಧಾಟಿ ಹಿರಿಯರಿಗೆ ನೆನಪಿರಬೇಕು.

ಇನ್ನೊಂದು ಶಬ್ದ ‘ಮಂದಿ’. ಮೈಸೂರು ಕಡೆಯವರು ‘ಜನ’ ಅನ್ನುವಲ್ಲಿ ನಾವು ‘ಮಂದಿ’ ಅಂತೀವಿ. ಎಷ್ಟು ಮಂದಿ ಬಂದಾರ, ಮಂದಿ ಏನಂದಾರು. ಇದು ನಮ್ಮ ಮಣ್ಣಿನ ಶಬ್ದ. ಇದರ ಒಡಹುಟ್ಟು ಯಾವುದು ಗೊತ್ತೇನ್ರಿ? ‘ಮಂದೆ’. ಕುರಿಮಂದೆ! ಅರಬಸ್ತಾನದವರು ಜನರನ್ನು ಕುರಿಹಿಂಡು ಎಂದರು ಎಂದು ನಾವು ನಗುವಂತಿಲ್ಲ, ನಮ್ಮ ಶಬ್ದದ ನೆಂಟಸ್ತನವೂ ಹಿಂಡಿನ ಜೊತೆಗೇ. ಆದರೆ ಒಂದು ವ್ಯತ್ಯಾಸ ನನಗೆ ಕಾಣುತ್ತದೆ, ನೀವು ಒಪ್ಪಬಹುದು, ಬಿಡಬಹುದು. ಅರಬ್ಬಿ ಶಬ್ದದಲ್ಲಿ ಕಾಯುವವನು ಮೊದಲು, ಹಿಂಡು ಆಮೇಲೆ. ನಮ್ಮ ಶಬ್ದದಲ್ಲಿ ಕುರುಬ ಇಲ್ಲವೇ ಇಲ್ಲ. ಒಂದು ಜಾಗದಲ್ಲಿ ಕೂಡಿದವರು, ಅಷ್ಟೇ. ಕೊಡಗಿನಲ್ಲಿ ಹುತ್ತರಿ ಹಬ್ಬಕ್ಕೆ ಊರವರೆಲ್ಲ ಕೂಡಿ ಕೋಲಾಟ ಆಡುವ ಬಯಲಿಗೆ ‘ಮಂದ್’ ಎನ್ನುತ್ತಾರೆ. ಇದಕ್ಕೆ ಹತ್ತಿರವಾಗಿಯೇ ಕೇಳುವ ‘ಮನ್ರಂ’ ಎಂಬ ಶಬ್ದ ತಮಿಳಿನಲ್ಲಿ ಸಭೆಗೆ ಹೆಸರಾಗಿದೆ.

ಈಗ ಸ್ವಲ್ಪ ದೂರ ಹೋಗೋಣ. ನಮ್ಮ ‘ರಯತ’ ಹಡಗು ಹತ್ತಿ ಪೂರ್ವಕ್ಕೂ ಹೋಗಿದೆ. ಮಲೇಶಿಯಾ ಮತ್ತು ಇಂಡೋನೇಶಿಯಾದಲ್ಲಿ ‘ರಕ್ಯತ್’ ಅಂದರೆ ಜನತೆ. ಮಲೇಶಿಯಾದ ಲೋಕಸಭೆಯ ಹೆಸರೇ ‘ದೇವಾನ್ ರಕ್ಯತ್’. ದೇವಾನ್ ಅಂದರೆ ನಮ್ಮ ದಿವಾನ. ಒಂದು ಕಾಲಕ್ಕೆ ದಿವಾನನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ ರಯತ ಅಲ್ಲಿ ದಿವಾನಖಾನೆಯ ಯಜಮಾನನಾಗಿ ಕೂತಿದ್ದಾನೆ. ಇದಕ್ಕಿಂತ ರುಚಿಯಾದ ಸಂಗತಿ ಇನ್ನೊಂದಿದೆ. ಆ ದೇಶದಲ್ಲಿ 1954ರಲ್ಲಿ ಹುಟ್ಟಿದ ಒಂದು ದೊಡ್ಡ ಸಹಕಾರಿ ಬ್ಯಾಂಕು ಇದೆ, ಅದರ ಹೆಸರು ‘ಬ್ಯಾಂಕ್ ಕೆರ್ಜಾಸಾಮಾ ರಕ್ಯತ್’. ಕೆರ್ಜಾಸಾಮಾ ಅಂದರೆ ಸಹಕಾರ. ಕೆರ್ಜಾ ಎಂಬುದು ಸಂಸ್ಕೃತದ ‘ಕಾರ್ಯ’, ಸಾಮಾ ಎಂಬುದು ‘ಸಮ’. ಸಹಕಾರಿ ರಯತ ಬ್ಯಾಂಕು! ಆ ಬೋರ್ಡನ್ನು ತಂದು ನಮ್ಮ ಖಾನಾಪುರ ಪೇಟೆಯಲ್ಲಿ ತೂಗು ಹಾಕಿದರೂ ಒಗ್ಗುತ್ತದೆ.

ನಮ್ಮಲ್ಲಿಯೂ ಈ ಶಬ್ದ ಒಂದು ದಿನ ತಲೆ ಎತ್ತಿತು, ಅದಕ್ಕೆ ಕಾರಣ ನಮ್ಮದೇ ತಾಲೂಕಿನ ನೀರು. ಮಲಪ್ರಭೆ ಹುಟ್ಟುವುದು ಇಲ್ಲಿಯ ಕಣಕುಂಬಿಯಲ್ಲಿ. ಆ ನೀರಿಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಕಾಲುವೆ ಕೆಳಗಿನ ಹೊಲಗಳಿಗೆ ಬೆಟರ್‌ಮೆಂಟ್ ಲೆವಿ ಎಂದು ಕರ ಹಾಕಿದರು. ನೀರು ಸರಿಯಾಗಿ ಬರುವ ಮೊದಲೇ ಕರ ಬಂತು ಎಂಬುದು ಜನರ ಕೂಗು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅಲ್ಲಿಯವರೆಗೆ ‘ರೈತರು ನಾವು, ಏನ್ ಮಾಡಾಕ ಬರತೈತಿ’ ಅಂತಿದ್ದವರು ಹೆಗಲಿಗೆ ಹಸಿರು ಶಾಲು ಹಾಕಿಕೊಂಡು ‘ರೈತರು ನಾವು, ಏನಂತೀರಿ’ ಎಂದು ಕೇಳತೊಡಗಿದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಎಷ್ಟೋ ಊರ ಅಗಸಿಯಲ್ಲಿ ಫಲಕ ಹಾಕಿದರು. ಹಿಂಡು ಎಂಬ ಅರ್ಥದ ಶಬ್ದ ಎದುರು ನಿಂತಿತು. ಯಾವ ನಿಘಂಟು ಬರೆಯುವ ಪಂಡಿತರೂ ಮಾಡಲಾಗದ ಕೆಲಸ ಇದು.

ಇಷ್ಟೆಲ್ಲ ಯಾಕೆ ಹೇಳಿದೆ? ನನಗೆ ಎರಡು ಚಿಂತೆ ಅವ.

ಒಂದು, ಈಗ ಹೊಸ ಶಬ್ದ ಬಂದಿದೆ: ‘ಫಲಾನುಭವಿ’. ಯಾವ ಸರಕಾರಿ ಕಾಗದ ನೋಡಿದರೂ ಫಲಾನುಭವಿಗಳ ಯಾದಿ. 2019ರಿಂದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ, ಅದು ಬೇಕು, ಬರಲಿ. ಬೀಜ-ಗೊಬ್ಬರಕ್ಕೆ ಆಸರೆ ಆಗುತ್ತದೆ. ಆದರೆ ಫಲ ಬೆಳೆಯುವವನನ್ನು ಫಲ ಅನುಭವಿಸುವವನು ಎಂದು ಕರೆದರೆ ಹೆಂಗ್ರಿ? ಭತ್ತ ಬೆಳೆದವ ಇವ, ಕಬ್ಬು ಬೆಳೆದವ ಇವ, ಕೈ ಒಡ್ಡಿ ನಿಂತವ ಎಂಬಂಥ ಹೆಸರು ಇವನಿಗೇ! ನನ್ನ ಕಿವಿಗೆ ಇದು ಕುರುಬ-ಹಿಂಡಿನ ಹಳೆಯ ಲೆಕ್ಕವೇ ಹೊಸ ಅಂಗಿ ತೊಟ್ಟು ಬಂದಂತೆ ಕೇಳುತ್ತದೆ. ಸಂಜೆ ಎಣಿಸುತ್ತಾರೆ, ಸರಿ.

ನಮ್ಮ ಸಂಘದಲ್ಲಿ ನಿಮಗಿರುವ ಹೆಸರು ಅದಲ್ಲ. ಇಲ್ಲಿ ನೀವು ‘ಸದಸ್ಯರು’. ಸಂಸ್ಕೃತದಲ್ಲಿ ‘ಸದಸ್’ ಅಂದರೆ ಸಭೆ, ಕೂಡ್ರುವ ಜಾಗ. ಅಲ್ಲಿ ಕೂತವನು ಸದಸ್ಯ. ಶೇರು ಹಣ ಕಟ್ಟಿದವ ಅಂತ ಅರ್ಥ ಇಲ್ಲ, ಸಾಲ ತಗೊಂಡವ ಅಂತಲೂ ಇಲ್ಲ. ಹತ್ತು ಎಕರೆಯವನಿಗೂ ಒಂದೇ ವೋಟು, ಅರ್ಧ ಎಕರೆಯವನಿಗೂ ಒಂದೇ ವೋಟು. ಕಂಪನಿಯಲ್ಲಿ ಹಂಗಿಲ್ಲ, ಅಲ್ಲಿ ಶೇರು ಹೆಚ್ಚಾದಂತೆ ವೋಟು ಹೆಚ್ಚು. ಆದರೆ ವಾರ್ಷಿಕ ಸಾಧಾರಣ ಸಭೆಯ ದಿನ ಎಷ್ಟು ಮಂದಿ ಬರತೀರಿ? ಚಹಾ-ಚುರಮುರಿ ಮುಗಿದ ಮೇಲೆ ಎಷ್ಟು ಮಂದಿ ಉಳೀತೀರಿ? ಅಢಾವೆ ಪತ್ರಿಕೆ ಓದುವಾಗ ಖುರ್ಚಿ ಖಾಲಿ, ಹಾಜರಿ ಪುಸ್ತಕ ತುಂಬಿರತದ. ನಾನು ಈ ಸಂಘದ ಮಾತಷ್ಟೇ ಹೇಳತಾ ಇಲ್ಲ, ಎಲ್ಲಾ ಕಡೆ ಇದೇ ಹಾಡು. 2011ರ 97ನೇ ಸಂವಿಧಾನ ತಿದ್ದುಪಡಿಯಲ್ಲಿ ಸದಸ್ಯರಿಗೆ ಸಭೆಯ ಕನಿಷ್ಠ ಹಾಜರಿಯ ಮಾತನ್ನು ಸೇರಿಸಬೇಕಾಗಿ ಬಂತು ಅಂದರೆ ವಿಚಾರ ಮಾಡ್ರಿ. ಸಭೆಗೆ ಬಾರದ ಸದಸ್ಯ ಅನ್ನುವುದು ಬಿತ್ತದ ಬೆಳೆ ಅಂದಂಗ. ಚೇರಮನ್ನರು ನೋಡಿಕೋತಾರ ಬಿಡು ಎಂದು ಮನೆಯಲ್ಲಿ ಕೂತವನು ಚೇರಮನ್ನರನ್ನು ಕುರುಬನ ಕೆಲಸಕ್ಕೆ ನೇಮಿಸಿದಂತೆ. ಆಮ್ಯಾಲೆ ಉಣ್ಣೆ ಹೋತು ಅಂತ ಅಳಬಾರದು.

ಎರಡನೆಯ ಚಿಂತೆ ಇದಕ್ಕಿಂತ ದೊಡ್ಡದು. ರೈತ ಅಂದರೆ ಯಾರು ಎಂದು ಶುರುಮಾಡಿದೆ. ಕಂದಾಯದ ಪುಸ್ತಕದಲ್ಲಿ ಹೆಸರು ಇದ್ದವನು ರೈತ. ಹಾಗಾದರೆ ಹೆಸರು ಇಲ್ಲದವರು? ಲಾವಣಿಗೆ ಹೊಲ ಹಿಡಿದು ಮಾಡುವವನ ಹೆಸರು ಉತಾರದಲ್ಲಿ ಇಲ್ಲ. 1974ರ ಭೂಸುಧಾರಣೆಯಲ್ಲಿ ಎಷ್ಟೋ ಗೇಣಿದಾರರ ಹೆಸರು ಬಂತು, ಅದು ದೊಡ್ಡ ಕೆಲಸ. ಆದರೆ ಅವತ್ತಿನಿಂದ ಕಾಯ್ದೆಗೆ ಹೆದರಿ ಲಾವಣಿಯನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ, ಬಾಯಿ ಮಾತಿನ ಮೇಲೆ ನಡೆಯುತ್ತದೆ. ಬೆವರು ಅವನದು, ಹಾನಿಯೂ ಅವನದು, ಪರಿಹಾರ ಬಂದರೆ ಉತಾರದವನ ಖಾತೆಗೆ. ಇನ್ನೊಂದು ಕಡೆ, 2020ರಲ್ಲಿ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ, ರೈತರಲ್ಲದವರೂ ಸಾಗುವಳಿ ಭೂಮಿ ಕೊಳ್ಳಬಹುದು ಎಂದಾಯಿತು. ನಾನು ಸದಾಶಿವನಗರದಲ್ಲಿ ಕೂತು, ಕೈಗೆ ಮಣ್ಣು ಹತ್ತಿಸಿಕೊಳ್ಳದೆ, ನಿಮ್ಮೂರಲ್ಲಿ ನಾಲ್ಕು ಎಕರೆ ಕೊಂಡರೆ ನನ್ನ ಹೆಸರಿಗೆ ಉತಾರ ಬರುತ್ತದೆ. ಕಾಗದದ ಲೆಕ್ಕಕ್ಕೆ ನಾನೂ ರೈತ! ಅದೇ ಹೊಲದಲ್ಲಿ ಮೊಣಕಾಲು ಕೆಸರಿನಲ್ಲಿ ನಾಟಿ ಮಾಡುವ ತಾಯಿ ರೈತಳಲ್ಲ.

ತಾಯಂದಿರ ಮಾತು ಬಂತು. ‘ರೈತ’ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಹೆಣ್ಣು ರೂಪ ಇಲ್ಲ. ಒಡೆಯ-ಒಡತಿ ಐತಿ, ಗೌಡ-ಗೌಡತಿ ಐತಿ, ರೈತನ ಜೋಡಿ ಏನೂ ಇಲ್ಲ. ಬಹಳ ಆದರೆ ‘ರೈತ ಮಹಿಳೆ’ ಅಂತ ಪೇಪರಿನವರು ಬರೀತಾರ, ಇಲ್ಲಾ ‘ರೈತನ ಹೆಂಡತಿ’. ಕಳೆ ತೆಗೆಯುವುದು, ನಾಟಿ ಹಚ್ಚುವುದು, ರಾಶಿಯ ಹೊತ್ತಿಗೆ ತೂರುವುದು, ಬೀಜ ಜೋಪಾನ ಮಾಡುವುದು, ಹೈನದ ಕೆಲಸ, ಇದೆಲ್ಲ ಯಾರು ಮಾಡತಾರ ಅಂತ ಗಂಡಸರೇ ಎದೆ ಮುಟ್ಟಿ ಹೇಳಲಿ. ಕಾಯಿಲೆ ಬಿದ್ದು ಗಂಡ ಹೋದ ಮೇಲೆ ಅದೇ ಹೊಲದ ಮೇಲೆ ಪೀಕಿನ ಸಾಲ ಕೇಳಲು ಬಂದ ಹೆಣ್ಣುಮಗಳು ವಾರಸಾ ಆಗಲಿಲ್ಲ, ಹೆಸರು ಹತ್ತಲಿಲ್ಲ ಎಂದು ಎಷ್ಟು ಸಲ ತಿರುಗಾಡುತ್ತಾಳೆ ನಿಮಗೆ ಗೊತ್ತು. ಅಷ್ಟರೊಳಗೆ ಹಂಗಾಮು ಮುಗಿದಿರುತ್ತದೆ.

ಕಂದಾಯ ಖಾತೆಯ ಶಬ್ದಕೋಶ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಸಂಘದ ಸದಸ್ಯರ ಯಾದಿ ನಮ್ಮ ಕೈಯಲ್ಲಿದೆ. ಕಾಯ್ದೆ ಎಷ್ಟು ಜಾಗ ಬಿಡುತ್ತದೋ ಅಷ್ಟು ಜಾಗದಲ್ಲಿ ಏನು ಮಾಡಬಹುದು ಎಂದು ಆಡಳಿತ ಮಂಡಳಿಯವರು ಲೆಕ್ಕ ಹಾಕಬೇಕು. ನನ್ನ ವಿನಂತಿ ಇಷ್ಟೇ. ಬರುವ ಸಾಧಾರಣ ಸಭೆಯ ವಿಷಯಪತ್ರಿಕೆಯಲ್ಲಿ ಎರಡು ವಿಷಯ ಸೇರಿಸಿರಿ. ಲಾವಣಿ ಮಾಡುವವರನ್ನೂ, ಉತಾರದಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಲು ಉಪವಿಧಿಯಲ್ಲಿ ಏನು ದಾರಿ ಇದೆ ಎಂಬುದು ಒಂದು. ವಾರಸಾ ಕೆಲಸಕ್ಕೆ ತಲಾಠಿ ಕಚೇರಿಗೆ ಓಡಾಡಲು ಸಂಘದಿಂದ ಒಬ್ಬರನ್ನು ನೇಮಿಸುವುದು ಇನ್ನೊಂದು. ಕಾರ್ಯದರ್ಶಿಗಳು ತಲೆ ಆಡಿಸತಾ ಇದ್ದಾರ, ಬರಕೊಂಡಾರ ಅಂತ ಕಾಣತದ. ಸಭೆಯ ದಿನ ನನಗೂ ಒಂದು ಕಾರ್ಡು ಹಾಕ್ರಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ ಹೋಗತೀನಿ.